ಮೊದಲು ಚೌಕಿ, ಆಮೇಲೆ ರಂಗಸ್ಥಳ

ಮೇ ತಿಂಗಳ ಒಂದು ಸಂಜೆ ಮಿರ್ಜಾನ ಕೋಟೆಯೊಳಗಿನ ಹುಲ್ಲಿನ ಮೇಲೆ ಕೂತಿದ್ದಾಗ ಅಣ್ಣನ ಮಗ ಮೊಬೈಲ್ ಮುಂದೆ ಹಿಡಿದು ಕೇಳಿದ: "ಚಿಕ್ಕಪ್ಪ, ಇದ್ರಲ್ಲಿ ಯಾವುದು ತಗಂಡ್ರೆ ಬೇಗ ಲೆವೆಲ್ ಏರ್ತದೆ?" ಪರದೆಯ ಮೇಲೆ ಖಡ್ಗ ಹಿಡಿದವನೊಬ್ಬ, ಬಿಲ್ಲು ಹಿಡಿದವಳೊಬ್ಬಳು, ಕೋಲು ಹಿಡಿದ ಮಾಂತ್ರಿಕನೊಬ್ಬ ಸಾಲಾಗಿ ನಿಂತಿದ್ದರು. ಇಪ್ಪತ್ತು ವರ್ಷಗಳ ಹಿಂದೆ ಕುಮಟೆಯ ಸೈಬರ್ ಕೆಫೆಯೊಂದರಲ್ಲಿ ನಾನೂ ಇದನ್ನೇ ಕೇಳಿದ್ದೆ. ಬೇಗ ಏರಿದೆ, ಅಷ್ಟೇ ಬೇಗ ಬೇಸರ ಬಂದು ಬಿಟ್ಟೆ. ಮತ್ತೆ ಹಿಡಿದದ್ದು ಎಷ್ಟೋ ವರ್ಷಗಳ ಮೇಲೆ, ಜೊತೆಗೆ ಆಡುವ ನಾಲ್ಕು ಜನ ಸಿಕ್ಕಾಗ. ಆ ಸಂಜೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಸೀಮೆಯಲ್ಲಿ ಇಂಥ ಆಟಕ್ಕೆ ಕಾಲಿಡುತ್ತಿರುವವನು ಅವನೊಬ್ಬನೇ ಇರಲಿಕ್ಕಿಲ್ಲ.

ನಮ್ಮಲ್ಲಿ ಬಹಳ ಜನಕ್ಕೆ ಆನ್‌ಲೈನ್ ಆಟ ಎಂದರೆ ಬಿಜಿಎಂಐ. ಅಲ್ಲಿ ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ, ಮುಂದಿನ ಪಂದ್ಯ ಮತ್ತೆ ಸೊನ್ನೆಯಿಂದ. ನಾನು ಹೇಳುತ್ತಿರುವ ಜಾತಿಯೇ ಬೇರೆ. ಸಾವಿರಾರು ಜನ ಒಂದೇ ಲೋಕದಲ್ಲಿ ಒಟ್ಟಿಗೆ ಇರುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರ ತೊಟ್ಟು ವರ್ಷಗಟ್ಟಲೆ ಅದನ್ನೇ ಬೆಳೆಸುತ್ತಾರೆ. ನೀವು ಫೋನ್ ಮುಚ್ಚಿಟ್ಟು ಊಟಕ್ಕೆ ಎದ್ದರೂ ಆ ಲೋಕದ ಸಂತೆ ನಡೆಯುತ್ತಲೇ ಇರುತ್ತದೆ. ಇದರ ಬೇರು 1978ರಲ್ಲಿದೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಶುರು ಮಾಡಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ 'ಮಡ್' ಎಂಬ ಆಟದಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. 2001ರಲ್ಲಿ ರೂನ್‌ಸ್ಕೇಪ್ ಬಂತು, 2003ರಲ್ಲಿ ಈವ್ ಆನ್‌ಲೈನ್, 2004ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಮೂರೂ ಇಂದಿಗೂ ನಡೆಯುತ್ತಿವೆ.

ಯಕ್ಷಗಾನದ ನಾಡಿನವರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟವಲ್ಲ. ಪ್ರಸಂಗ ಎಲ್ಲರಿಗೂ ಗೊತ್ತಿರುತ್ತದೆ, ಮಾತು ಮಾತ್ರ ಆ ಕ್ಷಣದಲ್ಲಿ ಹುಟ್ಟಬೇಕು. ಎದುರು ವೇಷದವನು ಏನು ಹೇಳುತ್ತಾನೋ ಅದಕ್ಕೆ ತಕ್ಕಂತೆ ನಿಮ್ಮ ಅರ್ಥ. ಭಾಗವತರು ಪದ ಎತ್ತಿದ ಮೇಲೆ ಕುಣಿಯಲೇಬೇಕು. ಹಿಂದೆಲ್ಲ ಮೇಳ ಸೇರಿದ ಹುಡುಗನಿಗೆ ಮೊದಲು ಸಿಗುತ್ತಿದ್ದುದು ಕೋಡಂಗಿ. ಆಮೇಲೆ ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ. ಸಣ್ಣಪುಟ್ಟ ವೇಷ ಮಾಡುತ್ತ ಮಾಡುತ್ತ ಪುರುಷವೇಷ, ಕೊನೆಗೆ ಎಂದೋ ಎರಡನೇ ವೇಷ ಎನ್ನುವ ಮುಖ್ಯ ವೇಷ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು, ಕೀಚಕನನ್ನು ನೋಡಿ ಬೆಳೆದ ನಮಗೆ ರಂಗಸ್ಥಳದ ಆ ಬೆಳಕು ನೆನಪಿರುತ್ತದೆ. ಅದರ ಹಿಂದೆ ಚೌಕಿಯ ಮೂಲೆಯಲ್ಲಿ ಕೂತು ಹಿರಿಯರು ಬಣ್ಣ ಹಚ್ಚುವುದನ್ನು, ಮುಂಡಾಸು ಕಟ್ಟುವುದನ್ನು ನೋಡುತ್ತ ಕಳೆದ ರಾತ್ರಿಗಳು ಕಾಣುವುದಿಲ್ಲ. ಆನ್‌ಲೈನ್ ಆಟದ ಹೊಸಬರು ತಪ್ಪುವುದು ಸರಿಯಾಗಿ ಇಲ್ಲಿಯೇ. ಮೊದಲ ಹತ್ತು ಇಪ್ಪತ್ತು ಲೆವೆಲ್ ಎಂದರೆ ಬೇಗ ದಾಟಿಹೋಗಬೇಕಾದ ಕೆಸರು ಎಂದುಕೊಳ್ಳುತ್ತಾರೆ. ಅದು ನಿಮ್ಮ ಚೌಕಿ. ಯಾವ ಗುಂಡಿ ಏನು ಮಾಡುತ್ತದೆ, ಯಾರು ಎಲ್ಲಿ ನಿಲ್ಲುತ್ತಾರೆ, ಜನ ಹೇಗೆ ಮಾತಾಡುತ್ತಾರೆ ಎಂದು ಯಾರಿಗೂ ತೊಂದರೆಯಾಗದಂತೆ ಕಲಿಯಲು ಸಿಗುವ ಸಮಯ ಅದೊಂದೇ.

ಆದ್ದರಿಂದ ಹುಡುಗನ ಪ್ರಶ್ನೆಯನ್ನು ತಿರುಗಿಸಿ ಕೇಳಿದೆ: ನಿನಗೆ ಆಟದಲ್ಲಿ ಏನು ಇಷ್ಟ? ಬಾರ್ಟಲ್ 1996ರಲ್ಲಿ ಬರೆದ ಒಂದು ಲೇಖನ ಇದಕ್ಕೆ ಬಹಳ ಸಹಾಯ ಮಾಡುತ್ತದೆ. ಆಟಗಾರರನ್ನು ಅವರು ಇಸ್ಪೀಟಿನ ನಾಲ್ಕು ಬಣ್ಣಗಳಾಗಿ ವಿಂಗಡಿಸಿದರು. ಡೈಮಂಡಿನವರಿಗೆ ಸಂಪತ್ತು, ಅಂಕ, ಪದಕ ಬೇಕು. ಸ್ಪೇಡ್ ಅಂದರೆ ಇಸ್ಪೀಟು ಬಣ್ಣದವರು ಗುದ್ದಲಿ ಹಿಡಿದವರ ಹಾಗೆ ಲೋಕವನ್ನು ಅಗೆದು ನೋಡುತ್ತಾರೆ: ಈ ಗುಹೆಯ ಹಿಂದೆ ಏನಿದೆ, ಈ ನಿಯಮ ಯಾಕೆ ಹೀಗಿದೆ. ಆಟೀನಿನವರು ಜನರಿಗಾಗಿ ಬರುತ್ತಾರೆ, ಮಾತೇ ಅವರ ಆಟ. ಕಳಾವರಿನವರಿಗೆ ಇನ್ನೊಬ್ಬ ಆಟಗಾರನನ್ನು ಸೋಲಿಸಿದರೇ ಖುಷಿ. ಪ್ರತಿಯೊಬ್ಬರಲ್ಲೂ ನಾಲ್ಕೂ ಸ್ವಲ್ಪ ಸ್ವಲ್ಪ ಇರುತ್ತವೆ, ಆದರೆ ಒಂದು ಮೇಲೆ ನಿಲ್ಲುತ್ತದೆ. ಅದು ಯಾವುದೆಂದು ಗೊತ್ತಾದರೆ ಆಟವನ್ನೂ ಪಾತ್ರವನ್ನೂ ಆರಿಸುವುದು ಸುಲಭ. ಮೀನು ಹಿಡಿದು, ಮರ ಕಡಿದು, ಅಡುಗೆ ಮಾಡಿ ನೆಮ್ಮದಿಯಿಂದ ಇರಬೇಕೆನ್ನುವವನು ಗೆಳೆಯ ಕರೆದನೆಂದು ರಕ್ತ ಹರಿಯುವ ಆಟಕ್ಕೆ ಹೋದರೆ ವಾರದೊಳಗೆ ಕೈಬಿಡುತ್ತಾನೆ.

ಇನ್ನು ನಮ್ಮ ಊರಿನ ನೆಟ್‌ವರ್ಕು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ "ನನ್ನ ಕೈ ನಿಧಾನ, ನನ್ನಿಂದಾಗದು" ಎಂದು ಆಟ ಬಿಟ್ಟವರಲ್ಲಿ ಎಷ್ಟೋ ಜನರ ಕೈಯಲ್ಲಿ ಯಾವ ದೋಷವೂ ಇರಲಿಲ್ಲ.

ನೀವು ಒತ್ತಿದ ಗುಂಡಿಯ ಸುದ್ದಿ ದೂರದ ಸರ್ವರ್‌ಗೆ ಹೋಗಿ ಉತ್ತರ ಹಿಂದಿರುಗಿ ಬರಲು ತಗಲುವ ಹೊತ್ತಿಗೆ ಪಿಂಗ್ ಎನ್ನುತ್ತಾರೆ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ, ಮಿಲಿಸೆಕೆಂಡಿನಲ್ಲಿ, ಅದನ್ನು ಅಳೆಯುತ್ತಾರೆ. ಫೈಬರ್ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮಿರ್ಜಾನದಿಂದ ಸಿಂಗಪುರ ನೇರ ಗೆರೆಯಲ್ಲಿ ಸುಮಾರು 3,500 ಕಿಲೋಮೀಟರ್. ಹೋಗಿ ಬರಲು ಬೆಳಕಿಗೇ 35 ಮಿಲಿಸೆಕೆಂಡ್ ಬೇಕು. ಜರ್ಮನಿಯ ಫ್ರಾಂಕ್‌ಫರ್ಟ್ ಸುಮಾರು 7,000 ಕಿಲೋಮೀಟರ್, ಅಲ್ಲಿಗೆ 70. ಕೇಬಲ್ ನೇರವಾಗಿ ಹೋಗುವುದಿಲ್ಲ, ಸಮುದ್ರದಡಿ ಸುತ್ತಿ ಬಳಸಿ ಹೋಗುತ್ತದೆ, ಸುದ್ದಿ ದಾರಿಯಲ್ಲಿ ಹತ್ತಾರು ಕಡೆ ತಡೆದು ನಿಲ್ಲುತ್ತದೆ. ಆದ್ದರಿಂದ ನಿಜವಾಗಿ ಸಿಗುವ ಅಂಕಿ ಇದರ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಎಷ್ಟೇ ದುಬಾರಿ ಪ್ಲಾನ್ ಹಾಕಿಸಿದರೂ ಬೆಳಕಿನ ವೇಗ ಹೆಚ್ಚುವುದಿಲ್ಲ. ಹತ್ತಿರದ ಸರ್ವರ್ ಆರಿಸುವುದೇ ಇದಕ್ಕಿರುವ ಮದ್ದು. ಆಲ್ಬಿಯನ್ ಆನ್‌ಲೈನ್ ಎಂಬ ಆಟಕ್ಕೆ 2023ರಿಂದ ಸಿಂಗಪುರದಲ್ಲಿಯೇ ಸರ್ವರ್ ಇದೆ. ಹೊಸಬರು ಖಾತೆ ತೆರೆಯುವಾಗ ಇದನ್ನು ನೋಡದೆ ಅಮೆರಿಕದ್ದನ್ನೋ ಯುರೋಪಿನದ್ದನ್ನೋ ಒತ್ತಿಬಿಡುತ್ತಾರೆ. ಅಲ್ಲಿ ಬೆಳೆಸಿದ ಪಾತ್ರವನ್ನು ಆಮೇಲೆ ಇಲ್ಲಿಗೆ ಹೊತ್ತು ತರಲು ಆಗುವುದಿಲ್ಲ.

ಇನ್ನೊಂದು ದಾರಿ ಇದೆ, ನನಗೆ ಹೆಚ್ಚು ಇಷ್ಟವಾದದ್ದು: ತಾಳ ನಿಧಾನವಾಗಿರುವ ಆಟವನ್ನು ಆರಿಸುವುದು. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆಟದಲ್ಲಿ ಇಡೀ ಲೋಕ 0.6 ಸೆಕೆಂಡಿಗೊಮ್ಮೆ ಒಂದು ಹೆಜ್ಜೆ ಇಡುತ್ತದೆ. ಆ ಅವಧಿಯಲ್ಲಿ ನೀವು ಯಾವಾಗ ಒತ್ತಿದರೂ ಮುಂದಿನ ಹೆಜ್ಜೆಗೇ ಲೆಕ್ಕ. ಹಾಗಾಗಿ 200 ಮಿಲಿಸೆಕೆಂಡ್ ಪಿಂಗ್ ಇರುವ ನಮ್ಮ ಹುಡುಗನಿಗೂ ಲಂಡನ್ನಿನಲ್ಲಿ ಕೂತವನಿಗೂ ಅಂಥ ದೊಡ್ಡ ಅಂತರವಿಲ್ಲ. ಆಟಗಾರರು ಮತ ಹಾಕಿ ಕೇಳಿದ ಮೇಲೆ 2007ರ ಹಳೆಯ ರೂಪವನ್ನು 2013ರಲ್ಲಿ ಮತ್ತೆ ತೆರೆದದ್ದು ಇದು. 2018ರಿಂದ ಮೊಬೈಲಿನಲ್ಲೂ ಇದೆ, ಒಂದು ಭಾಗ ಉಚಿತ, ಹಳೆಯ ಫೋನಿಗೂ ಭಾರವಾಗುವುದಿಲ್ಲ. ವಾರ್‌ಕ್ರಾಫ್ಟಿನಲ್ಲಿ ಒಂದು ಮಂತ್ರಕ್ಕೂ ಇನ್ನೊಂದಕ್ಕೂ ನಡುವಿನ ಮೂಲ ಬಿಡುವು ಒಂದೂವರೆ ಸೆಕೆಂಡ್, ಜಪಾನಿನ ಫೈನಲ್ ಫ್ಯಾಂಟಸಿ 14ರಲ್ಲಿ ಎರಡೂವರೆ. ಕಂಪ್ಯೂಟರಿನ ಈ ದೊಡ್ಡ ಆಟಗಳಲ್ಲಿ ಆಡುವಾಗ ಡೇಟಾ ಹೆಚ್ಚು ಹೋಗುವುದಿಲ್ಲ. ಮೊದಲ ಸಲ ಇಳಿಸಿಕೊಳ್ಳುವಾಗ ಮಾತ್ರ ನೂರು ಜಿಬಿ ಆಸುಪಾಸು ನುಂಗುತ್ತವೆ. ಅದನ್ನು ಮಳೆಗಾಲಕ್ಕೆ ಮೊದಲೇ, ಕರೆಂಟು ನೆಟ್ಟಗಿರುವಾಗಲೇ ಮುಗಿಸಿಕೊಳ್ಳಿ.

ಇಂಥ ಆಟಗಳಲ್ಲಿ ಆಟಗಾರರು ಕಟ್ಟಿಕೊಳ್ಳುವ ಗುಂಪಿಗೆ ಗಿಲ್ಡ್ ಎನ್ನುತ್ತಾರೆ. ಗಿಲ್ಡ್ ಎಂದರೆ ಮೇಳ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ತಲೆಮಾರುಗಳನ್ನು ದಾಟಿ ಇನ್ನೂ ಗೆಜ್ಜೆ ಕಟ್ಟುತ್ತಿದೆ. ಆಟದೊಳಗಿನ ಮೇಳಗಳಲ್ಲೂ ಹದಿನೈದು ಇಪ್ಪತ್ತು ವರ್ಷ ಬಾಳಿದವಿವೆ. ಸೇರುವ ಮೊದಲು ಅವರ ಬಲ ಎಷ್ಟು ಎನ್ನುವುದಕ್ಕಿಂತ ಅವರು ಎಷ್ಟು ಹೊತ್ತಿಗೆ ಕೂಡುತ್ತಾರೆ ಎಂದು ಕೇಳಿ. ಯುರೋಪಿನ ಮೇಳವೊಂದು ಚಳಿಗಾಲದಲ್ಲಿ ಅವರ ರಾತ್ರಿ ಎಂಟಕ್ಕೆ ದಾಳಿ ಇಟ್ಟುಕೊಂಡರೆ ನಮ್ಮಲ್ಲಿ ಮಧ್ಯರಾತ್ರಿ ಹನ್ನೆರಡೂವರೆ. ಮಾರನೆಯ ಬೆಳಿಗ್ಗೆ ಕುಮಟೆಯ ಬಸ್ಸು ಹಿಡಿಯಬೇಕಾದ ಮಗು ಅದಕ್ಕೆ ಒಪ್ಪಲೇಬಾರದು. ಸಿಂಗಪುರದವರ ರಾತ್ರಿ ಎಂಟು ನಮಗೆ ಸಂಜೆ ಐದೂವರೆ. ಆಡಿ ಮುಗಿಸಿ, ಊಟ ಮಾಡಿ, ಓದಲು ಕೂರಬಹುದು.

ಇನ್ನು ವೇಷದ ವಿಚಾರ. ಹೆಸರು ನೂರಿದ್ದರೂ ಇಂಥ ಬಹುಪಾಲು ಆಟಗಳಲ್ಲಿ ಕೆಲಸ ಮೂರೇ. ಒಬ್ಬ ಟ್ಯಾಂಕ್: ರಾಕ್ಷಸನ ಎದುರು ನಿಂತು ಪೆಟ್ಟು ತಿನ್ನುವವ. ಒಬ್ಬ ಹೀಲರ್: ಗಾಯ ಮಾಯಿಸುವವ. ಉಳಿದವರು ಹೊಡೆಯುವವರು. ಫೈನಲ್ ಫ್ಯಾಂಟಸಿಯಲ್ಲಿ ರಾಕ್ಷಸರಿರುವ ಗುಹೆಗೆ ನಾಲ್ಕು ಜನ ಹೋಗುತ್ತಾರೆ, ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಇಬ್ಬರು ಹೊಡೆಯುವವರು. ವಾರ್‌ಕ್ರಾಫ್ಟಿನಲ್ಲಿ ಐವರು, ಹೊಡೆಯುವವರು ಮೂವರು. ರಾಕ್ಷಸನ ತಲೆಯೊಳಗೆ ಒಂದು ಸಿಟ್ಟಿನ ಪಟ್ಟಿ ಇರುತ್ತದೆ. ಯಾರು ಹೆಚ್ಚು ನೋಯಿಸಿದರೋ, ಯಾರು ಹೆಚ್ಚು ಮಾಯಿಸಿದರೋ ಅವರ ಹೆಸರು ಪಟ್ಟಿಯಲ್ಲಿ ಮೇಲಕ್ಕೇರುತ್ತದೆ, ಮೇಲಿದ್ದವರ ಕಡೆಗೆ ರಾಕ್ಷಸ ತಿರುಗುತ್ತಾನೆ. ಟ್ಯಾಂಕಿನ ಹೊಡೆತ ಚಿಕ್ಕದಾದರೂ ಸಿಟ್ಟನ್ನು ಎಷ್ಟೋ ಪಟ್ಟು ಹೆಚ್ಚು ಎಬ್ಬಿಸುವಂತೆ ಆಟವನ್ನು ಕಟ್ಟಿರುತ್ತಾರೆ. ಆದರೆ ಅವನಿಗೆ ಎರಡು ಮೂರು ಸೆಕೆಂಡು ಬೇಕು. ಹೊಸಬ ಮಾಡುವ ತಪ್ಪು ಆ ಎರಡು ಮೂರು ಸೆಕೆಂಡಿನಲ್ಲೇ. ಬಾಗಿಲು ತೆರೆದ ಕೂಡಲೇ ತನ್ನ ದೊಡ್ಡ ಬಾಣ ಬಿಡುತ್ತಾನೆ, ರಾಕ್ಷಸ ಇವನತ್ತ ತಿರುಗುತ್ತಾನೆ, ಹೀಲರ್ ಇವನನ್ನು ಉಳಿಸಲು ಹೋಗಿ ಟ್ಯಾಂಕನ್ನು ಕಳೆದುಕೊಳ್ಳುತ್ತಾನೆ, ಎಲ್ಲರೂ ನೆಲಕ್ಕೆ. ಭಾಗವತರು ಪದ ಎತ್ತುವ ಮೊದಲೇ ಪರದೆ ಸರಿಸಿ ನುಗ್ಗಿದ ವೇಷದ ಹಾಗೆ ಅದು. ಎದುರಿನವರ ಪ್ರವೇಶ, ನಿರ್ಗಮನ ಎರಡೂ ಗೊತ್ತಿರುವವನೇ ಒಳ್ಳೆಯ ವೇಷಧಾರಿ. ಅದಕ್ಕೇ ನನ್ನ ಸಲಹೆ: ಮೊದಲು ಹೊಡೆಯುವ ವೇಷ ತೊಟ್ಟರೂ ಒಂದು ತಿಂಗಳೊಳಗೆ ಒಮ್ಮೆ ಹೀಲರ್ ಆಗಿ ನೋಡಿ. ಮೂವರ ಪ್ರಾಣದ ಪಟ್ಟಿಯನ್ನು ಒಂದೇ ಕಣ್ಣಿನಲ್ಲಿ ಕಾಯುವುದು ಎಷ್ಟು ಕಷ್ಟವೆಂದು ತಿಳಿದವನು ಆಮೇಲೆ ರಾಕ್ಷಸ ನೆಲಕ್ಕೆ ಹಚ್ಚಿದ ಬೆಂಕಿಯ ಮೇಲೆ ನಿಂತು ಹೊಡೆಯುವುದಿಲ್ಲ.

ಗುಂಪಿಗೆ ಹೋದ ಕೂಡಲೇ ಮೊದಲ ಸಾಲಿನಲ್ಲೇ ಬರೆಯಿರಿ: ನಾನು ಹೊಸಬ, ಈ ಜಾಗಕ್ಕೆ ಮೊದಲ ಸಲ ಬರುತ್ತಿದ್ದೇನೆ. ನಮ್ಮ ಹಳ್ಳಿಯ ಮಕ್ಕಳು ಇದಕ್ಕೆ ನಾಚುತ್ತಾರೆ, ಇಂಗ್ಲಿಷ್ ತಪ್ಪಾದೀತೆಂದು ಇನ್ನೂ ಹೆಚ್ಚು ನಾಚುತ್ತಾರೆ. ಆ ಗುಂಪಿನಲ್ಲಿ ಒಬ್ಬ ಬ್ರೆಜಿಲಿನವನು, ಒಬ್ಬಳು ಇಂಡೋನೇಷ್ಯಾದವಳು ಇರುತ್ತಾರೆ, ಅವರದ್ದೂ ಮುರುಕು ಇಂಗ್ಲಿಷೇ. ಫೈನಲ್ ಫ್ಯಾಂಟಸಿಯಲ್ಲಿ ಹೊಸಬರ ಹೆಸರಿನ ಪಕ್ಕ ಒಂದು ಪುಟ್ಟ ಹಸಿರು ಮೊಳಕೆಯ ಗುರುತು ತಾನಾಗಿ ಬರುತ್ತದೆ. ಹೊಸಬರನ್ನು ಜೊತೆಗೆ ಕರೆದುಕೊಂಡು ಹೋಗಿ ಗೆದ್ದ ಹಳಬರಿಗೆ ಹೆಚ್ಚಿನ ಬಹುಮಾನವೂ ಇದೆ. ಮೊಳಕೆಯ ಬೆಲೆ ಉಪ್ಪುನೀರಿನ ಗಜನಿ ಗದ್ದೆಯ ಊರುಗಳಿಗೆ ನಾನು ಹೇಳಬೇಕಾಗಿಲ್ಲ.

ಎಲ್ಲರೂ ಒಳ್ಳೆಯವರೇ ಎಂದು ನಾನು ಹೇಳಲಾರೆ. 2005ರ ಸೆಪ್ಟೆಂಬರಿನಲ್ಲಿ ವಾರ್‌ಕ್ರಾಫ್ಟಿನ ಒಂದು ಗುಹೆಯ ಸರ್ಪದೇವತೆಯ ಶಾಪ, ಆಟದ ಒಂದು ದೋಷದಿಂದ, ಆಟಗಾರರ ಸಾಕುಪ್ರಾಣಿಗಳ ಮೂಲಕ ಹೊರಬಂದು ಪಟ್ಟಣಗಳಿಗೆ ಸಾಂಕ್ರಾಮಿಕದಂತೆ ಹಬ್ಬಿತು. ಹೊಸಬರು ಕಣ್ಣು ಮಿಟುಕಿಸುವಷ್ಟರಲ್ಲಿ ಸತ್ತರು. ಕೆಲವರು ಅಪರಿಚಿತರನ್ನು ಬದುಕಿಸಲು ನಿಂತರು, ಕೆಲವರು ಓಡಿದರು, ಕೆಲವರು ಬೇಕೆಂದೇ ರೋಗ ಹೊತ್ತು ಜನದಟ್ಟಣೆಗೆ ನುಗ್ಗಿದರು. ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ 2007ರಲ್ಲಿ ಲ್ಯಾನ್ಸೆಟ್ ಬಳಗದ ಸಾಂಕ್ರಾಮಿಕ ರೋಗಗಳ ಪತ್ರಿಕೆಯಲ್ಲಿ ಇದರ ಮೇಲೆ ಪ್ರಬಂಧವನ್ನೇ ಬರೆದರು. ಹದಿಮೂರು ವರ್ಷಗಳ ಮೇಲೆ ಕೊರೊನಾ ಬಂದಾಗ ಆ ಮೂರೂ ಬಗೆಯ ಜನರನ್ನು ನಾವು ನಮ್ಮ ಬೀದಿಗಳಲ್ಲೇ ನೋಡಿದೆವು. ಪರದೆಯ ಆ ಕಡೆ ಇರುವವರು ಗೊಂಬೆಗಳಲ್ಲ, ಮನುಷ್ಯರು. ಮನುಷ್ಯರಲ್ಲಿ ಇರುವುದೆಲ್ಲ ಅಲ್ಲೂ ಇದೆ.

ನಾನು ಹಿಂದೊಮ್ಮೆ ಎಲ್ಲ ಕಳೆದುಕೊಂಡದ್ದು ಕೇಡು ಬಗೆಯುವ ಅಂಥ ಒಬ್ಬನಿಂದಲೇ. ತಿಂಗಳುಗಟ್ಟಲೆ ಕೂಡಿಟ್ಟು ಕೊಂಡ ಕವಚ, ಖಡ್ಗ ಎಲ್ಲ ತೊಟ್ಟು ನಿಂತಿದ್ದೆ. ಒಬ್ಬ ಬಂದು "ಉತ್ತರದ ಕಾಡಿನಲ್ಲಿ ನಿಧಿ ಇದೆ, ಬಾ" ಅಂದ. ಗೆಳೆಯ ಸಿಕ್ಕನೆಂಬ ಸಂತೋಷದಲ್ಲಿ ಹಿಂದೆ ಹೋದೆ. ಗಡಿ ದಾಟಿದ ಮೇಲೆ ಅವನ ನಾಲ್ಕು ಜನ ಮರೆಯಲ್ಲಿ ನಿಂತಿದ್ದರು. ಸೈಬರ್ ಕೆಫೆಯಿಂದ ಹೊರಬಂದು ಬಸ್‌ಸ್ಟ್ಯಾಂಡಿನವರೆಗೆ ಯಾರ ಮುಖವನ್ನೂ ನೋಡಲಾಗಲಿಲ್ಲ.

ಗಡಿ ದಾಟುವ ಮೊದಲು ಯೋಚಿಸಬೇಕೆಂಬ ಆ ಪಾಠವನ್ನು ಹುಡುಗನಿಗೆ ಹೇಳಲು ನಾವು ಕೂತಿದ್ದ ಕೋಟೆಯೇ ಸಾಕಾಗಿತ್ತು. ಚಿರೆಕಲ್ಲಿನ ದಪ್ಪ ಗೋಡೆ, ಸುತ್ತ ಕಂದಕ, ಒಳಗೆ ಬಾವಿಗಳು, ಕಳ್ಳದಾರಿಗಳು, ಪಕ್ಕದಲ್ಲೇ ಅಘನಾಶಿನಿ ನದಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೆಣಸು ಹಡಗು ಏರುತ್ತಿದ್ದ ರೇವುಗಳಲ್ಲಿ ಮಿರ್ಜಾನವೂ ಒಂದು. ನದಿಯೊಳಗೆ ಸರಕಿಗೆ ಕೋಟೆಯ ಕಾವಲು. ಅಳಿವೆ ದಾಟಿ ಸಮುದ್ರಕ್ಕೆ ಬಿದ್ದರೆ ಪೋರ್ಚುಗೀಸರ ಕಾರ್ತಾಜ್ ಎಂಬ ರಹದಾರಿ ಇಲ್ಲದ ಹಡಗನ್ನು ಅವರು ಹಿಡಿದು ದೋಚುತ್ತಿದ್ದರು. ಆಲ್ಬಿಯನ್ನಿನ ನಕ್ಷೆಯೂ ಹೀಗೆಯೇ ಇದೆ. ನೀಲಿ ವಲಯ ನದಿ, ಅಲ್ಲಿ ಜೀವಕ್ಕೂ ಸರಕಿಗೂ ಭಯವಿಲ್ಲ. ಕೆಂಪು, ಕಪ್ಪು ವಲಯ ತೆರೆದ ಸಮುದ್ರ, ಅಲ್ಲಿ ಸತ್ತರೆ ಮೈಮೇಲಿದ್ದದ್ದೆಲ್ಲ ಕೊಂದವನ ಪಾಲು. ಅಳಿವೆ ದಾಟುವ ಮೊದಲು ಮೈಮೇಲಿರುವುದನ್ನು ಒಮ್ಮೆ ನೋಡಿಕೊಳ್ಳಿ, ಕಳೆದರೆ ಇನ್ನೊಂದು ಜೊತೆ ಕೊಳ್ಳುವಷ್ಟು ಹಣ ಪೆಟ್ಟಿಗೆಯಲ್ಲಿ ಇದೆಯೇ ಎಂದು. ಇಲ್ಲವಾದರೆ ಹೋಗಬೇಡಿ. ಆ ಆಟದ ಕತ್ತಿ, ಕವಚಗಳೆಲ್ಲ ಹೆಚ್ಚುಕಡಿಮೆ ಆಟಗಾರರೇ ಮಾಡಿ ಮಾರುವಂಥವು. ಯುದ್ಧಕ್ಕೆ ಹೋಗದೆ ನದಿಯೊಳಗೇ ಉಳಿದು ವ್ಯಾಪಾರ ಮಾಡಿಯೂ ದೊಡ್ಡವರಾಗಬಹುದು. ಚೆನ್ನಭೈರಾದೇವಿಗೆ ಆ ಹೆಸರು ಬಂದದ್ದು ಕತ್ತಿಯಿಂದಲ್ಲ, ಮೆಣಸಿನಿಂದ.

ಮೋಸದ ದಾರಿಗಳು ಹಳೆಯವೇ. "ನಿನ್ನ ಚಿನ್ನ ಕೊಡು, ದುಪ್ಪಟ್ಟು ಮಾಡಿ ಕೊಡುತ್ತೇನೆ." ಮೊದಲ ಸಲ ನಿಜವಾಗಿಯೂ ಕೊಡುತ್ತಾನೆ, ದೊಡ್ಡ ಮೊತ್ತ ಕೊಟ್ಟಾಗ ಮಾಯವಾಗುತ್ತಾನೆ. "ನಿನ್ನ ಕವಚಕ್ಕೆ ಚಿನ್ನದ ಅಂಚು ಹಾಕಿಸಿಕೊಡುತ್ತೇನೆ" ಎನ್ನುವುದು ರೂನ್‌ಸ್ಕೇಪಿನಲ್ಲಿ ಎಂದಿನಿಂದಲೋ ನಡೆದುಬಂದದ್ದು. ಲಾಗಿನ್ ಪುಟದಂತೆಯೇ ಕಾಣುವ ಕಳ್ಳ ಕೊಂಡಿ ಇನ್ನೊಂದು. ಖಾತೆಗೆ ಎರಡು ಹಂತದ ಬೀಗವನ್ನು ಮೊದಲ ದಿನವೇ ಹಾಕಿ. ಪಾತ್ರಕ್ಕೆ ನಿಮ್ಮ ಹೆಸರು, ಊರು, ಹುಟ್ಟಿದ ವರ್ಷ ಇಡಬೇಡಿ. ನಮ್ಮ ಭತ್ತದ ಹೆಸರು ಕಗ್ಗ ಎಂದೋ ಚಿಪ್ಪಿನ ಹೆಸರು ಬಳಚು ಎಂದೋ ಇಟ್ಟುಕೊಳ್ಳಿ, ಜಗತ್ತಿನಲ್ಲಿ ಬೇರೆ ಯಾರೂ ಇಟ್ಟಿರುವುದಿಲ್ಲ. ನಿಜವಾದ ದುಡ್ಡು ಹೋದರೆ ನಾಚಿ ಕೂರದೆ ಆ ಗಂಟೆಯಲ್ಲೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ತಂದೆ ತಾಯಿ ಕೇಳುವ ಇನ್ನೊಂದು ಮಾತು: ಸರ್ಕಾರ ಇದನ್ನು ನಿಷೇಧಿಸಿಲ್ಲವೇ? 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಒಡ್ಡಿ ಹಣ ಗೆಲ್ಲುವ ಆಟಗಳನ್ನು. ಪಣವಿಲ್ಲದ, ಮನರಂಜನೆಗೆ ಚಂದಾ ಕಟ್ಟಿ ಆಡುವ ಆಟಗಳು ಅದರಲ್ಲಿ ಬರುವುದಿಲ್ಲ. ಆದರೆ ಆಟದೊಳಗಿನ ಚಿನ್ನವನ್ನು ಹೊರಗೆ ರೂಪಾಯಿಗೆ ಕೊಳ್ಳುವುದನ್ನು ಹೆಚ್ಚಿನ ಆಟಗಳ ನಿಯಮವೇ ಒಪ್ಪುವುದಿಲ್ಲ, ಖಾತೆಯೇ ಹೋದೀತು. ಒಳಗೇನಿದೆಯೆಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆ ಮಾರುವ ಆಟಗಳಿಂದ ಮಕ್ಕಳನ್ನು ದೂರ ಇಡಿ ಎಂದೇ ನನ್ನ ಮಾತು.

ಸಮಯದ ಬಗ್ಗೆ ನಾನು ಗಟ್ಟಿ. ಬೆಂಗಳೂರಿನ ನಿಮ್ಹಾನ್ಸ್ ತಂತ್ರಜ್ಞಾನದ ಗೀಳಿಗೆಂದೇ 2014ರಲ್ಲಿ ಶಟ್ ಕ್ಲಿನಿಕ್ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆಟದ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿತು. ಆಡುವುದನ್ನು ತಡೆದುಕೊಳ್ಳಲಾಗದಿರುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಬೆಳಗಿನ ತನಕ ನಡೆಯುತ್ತಿದ್ದ ಬಯಲಾಟದ ಪಕ್ಕದಲ್ಲೇ ಕಾಲಮಿತಿ ಯಕ್ಷಗಾನ ಬಂತು, ಕೆಲವೇ ಗಂಟೆಯಲ್ಲಿ ಪ್ರಸಂಗ ಮುಗಿಯುತ್ತದೆ, ರಸ ಕೆಡಲಿಲ್ಲ. ಹುಡುಗನ ಜೊತೆ ನಾನು ಮಾಡಿಕೊಂಡದ್ದೂ ಅದೇ ಒಪ್ಪಂದ: ದಿನಕ್ಕೆ ಒಂದೂವರೆ ಗಂಟೆ, ರಾತ್ರಿ ಒಂಬತ್ತರ ಮೇಲೆ ಇಲ್ಲ, ಪರೀಕ್ಷೆಯ ತಿಂಗಳು ಮೇಳಕ್ಕೆ ಮೊದಲೇ ತಿಳಿಸಿ ರಜೆ.

ಅವನು ಕೊನೆಗೆ ಹೀಲರನನ್ನೇ ಆರಿಸಿದ. ಜೂನ್ ಎರಡನೆಯ ವಾರ, ಹೊರಗೆ ಜಡಿಮಳೆ, ಅವನ ಮೊದಲ ಗುಹೆ. ನಾನು ಹೇಳಿಕೊಟ್ಟ ಸಾಲನ್ನು ಟೈಪ್ ಮಾಡಿದ. ಟ್ಯಾಂಕ್ ಆಗಿದ್ದವನು "ನಿಧಾನವಾಗಿ ಹೋಗೋಣ" ಎಂದು ಬರೆದ. ಮೊದಲ ರಾಕ್ಷಸ ಬಿದ್ದ, ಎರಡನೆಯವನೂ ಬಿದ್ದ, ಅಷ್ಟರಲ್ಲಿ ಕರೆಂಟು ಹೋಯಿತು. ವೈಫೈ ಸತ್ತಿತು. ಜಗಲಿಗೆ ಓಡಿ, ಫೋನನ್ನು ಮೇಲೆತ್ತಿ ಹಿಡಿದು, ಎರಡು ಗೆರೆ ಸಿಗ್ನಲ್ ಹುಡುಕಿ ಅವನು ಮತ್ತೆ ಒಳಗೆ ಹೋಗುವಾಗ ಹನ್ನೆರಡು ನಿಮಿಷ ಕಳೆದಿತ್ತು. ಮೂವರೂ ಬಾಗಿಲ ಹತ್ತಿರ ಕೂತಿದ್ದರು. ಟ್ಯಾಂಕ್ ಆಗಿದ್ದವನು ಕೇಳಿದ: "ನಿಮ್ಮಲ್ಲಿ ಮಳೆಯಾ?"